ಕನ್ನಂಬಾಡಿ ಮಟ್ಟ ಮತ್ತು ಎದೆಯೊಳಗಿನ ದುಗುಡ

ಮಳೆಗಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಓಡುವುದು ಒಂದು ಚಿಕ್ಕ ಚೌಕಕ್ಕೆ: ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. 2023ರಲ್ಲಿ ಕೆಆರ್‌ಎಸ್, ಅಂದರೆ ಕನ್ನಂಬಾಡಿ ಕಟ್ಟೆ, ತುಂಬಲೇ ಇಲ್ಲ. ಆಗಸ್ಟ್ ಪೂರ್ತಿ ಒಣಗಿತು, ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ನಡೆಯಿತು. ಮರುವರ್ಷ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವ ಮೊದಲೇ.

ಮಳೆಯ ಇಂಥ ಏರುಪೇರಿಗೆ ಬಿಸಿಯೇರುತ್ತಿರುವ ಹವಾಮಾನವೂ ಒಂದು ಕಾರಣ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವುದು, ಇಲ್ಲದಿದ್ದರೆ ವಾರಗಟ್ಟಲೆ ಮುಖ ತೋರಿಸದಿರುವುದು ಹೆಚ್ಚುತ್ತಿದೆ. ರೈತನ ಲೆಕ್ಕ ತಪ್ಪುವುದೇ ಇಲ್ಲಿ.

ಲೆಕ್ಕ ತಪ್ಪಿದಾಗ ದೇಹ ಏನು ಮಾಡುತ್ತದೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲಿನ ಕಲ್ಲಿನಡಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ವಿದ್ಯುತ್ತಿನ ಸಣ್ಣ ಶಾಕ್. ಶಾಕ್ ಖಚಿತ ಎಂದು ಗೊತ್ತಿದ್ದ ಹೊತ್ತಿಗಿಂತ, ಬಂದರೂ ಬರಬಹುದು ಬಾರದೆಯೂ ಇರಬಹುದು ಎಂಬ ಅರ್ಧಂಬರ್ಧ ಸ್ಥಿತಿಯಲ್ಲೇ ಭಾಗವಹಿಸಿದವರು ಹೆಚ್ಚು ಬೆವರಿದರು. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಸಸಿಮಡಿ ಮುಂದೆ ನಿಂತ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತ ಇರುವುದು ಇದೇ ಸ್ಥಿತಿಯಲ್ಲಿ, ಅದೂ ಸಾಲ ಮಾಡಿ ತಂದ ಬೀಜ ಗೊಬ್ಬರದ ಜೊತೆಗೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುವುದು ಅವನ ದೌರ್ಬಲ್ಯವಲ್ಲ. ನಿಜವಾದ ಅಪಾಯಕ್ಕೆ ಮೈಮನಸ್ಸು ಎಚ್ಚೆತ್ತಿರುವ ಲಕ್ಷಣ ಅದು. ಆ ಎಚ್ಚರ ತಿಂಗಳುಗಟ್ಟಲೆ ಆರದೇ ಉಳಿದರೆ ಮಾತ್ರ ಕಾಯಿಲೆಯಾಗುತ್ತದೆ.

ಅದರ ಕೊನೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ಮಂಡ್ಯ 2015ರಲ್ಲಿ ಕಬ್ಬು ಬೆಳೆಗಾರರ ಸಾವುಗಳಲ್ಲಿ ಕಂಡಿದೆ. ಬೆಳೆಯ ಹಂಗಾಮಿನಲ್ಲಿ ಬಿಸಿ ಏರಿದಂತೆ ಭಾರತದಲ್ಲಿ ಆತ್ಮಹತ್ಯೆ ಏರುತ್ತದೆಂದು ಸಂಶೋಧಕಿ ತಮ್ಮಾ ಕಾರ್ಲ್‌ಟನ್ 2017ರ ಅಧ್ಯಯನದಲ್ಲಿ ತೋರಿಸಿದರು; ಬೇರೆ ಹಂಗಾಮಿನ ಬಿಸಿಗೆ ಆ ಪರಿಣಾಮ ಕಾಣಲಿಲ್ಲ. ಬೆಳೆಯ ನಷ್ಟವೇ ನಡುವಿನ ಕೊಂಡಿ ಎಂಬುದಕ್ಕೆ ಇದು ಬಲವಾದ ಸುಳಿವು.

ಆದ್ದರಿಂದ ‘ಧೈರ್ಯವಾಗಿರಿ’ ಎಂಬ ಉಪದೇಶ ಸಾಲದು. ಅನಿಶ್ಚಿತತೆ ಕುಗ್ಗಬೇಕು. ಮಟ್ಟವನ್ನು ಬೆಳಿಗ್ಗೆ ಒಮ್ಮೆ ನೋಡಿ ಮೊಬೈಲ್ ಕೆಳಗಿಡುವುದು ಒಂದು ದಾರಿ. ನೀರು ಬಾರದಿದ್ದರೆ ಏನು ಬಿತ್ತಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಕೆಎಂಆರ್ ರಾಗಿ ತಳಿಗಳಿವೆ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತವಿದೆ. ಅಕ್ಕಪಕ್ಕದ ಜಮೀನಿನವರು ಕೂತು ಮಾತಾಡಿ ತೀರ್ಮಾನಿಸಿದರೆ ಭಾರ ಒಬ್ಬನ ತಲೆಯ ಮೇಲೇ ಬೀಳುವುದಿಲ್ಲ. ಮನಸ್ಸು ತೀರಾ ಕುಗ್ಗಿದಾಗ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೊಡ್ಡ ಪಾಲು ಸರ್ಕಾರದ್ದು. ಈ ಸಲ ನಾಲೆಗೆ ಎಷ್ಟು ಕಟ್ಟು (ಸರದಿ) ನೀರು, ಯಾವ ದಿನದಿಂದ ಯಾವ ದಿನದವರೆಗೆ ಎಂದು ನೀರಾವರಿ ಸಲಹಾ ಸಮಿತಿ ಬಿತ್ತನೆಗೆ ಮುಂಚೆಯೇ ಹೇಳಿಬಿಟ್ಟರೆ, ‘ಇಲ್ಲ’ ಎಂಬ ಉತ್ತರವಾದರೂ ಸರಿ, ಮಳವಳ್ಳಿಯ ಕೊನೇ ತೂಬಿನ ರೈತ ಅಂದಿನಿಂದಲೇ ರಾಗಿಗೆ ಹೊಲ ಹದ ಮಾಡಿಕೊಳ್ಳಬಲ್ಲ.