ಟಾಪು ಕೂರಿಸುವವರು

ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆಯ ತಾರೀಖು ಹತ್ತಿರ ಬಂತೆಂದರೆ ಆಟೊ ಡ್ರೈವರುಗಳಿಗೆ ಕುಶನ್ ಅಂಗಡಿ ನೆನಪಾಗುತ್ತದೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಈ ಪರೀಕ್ಷೆ. ಬ್ರೇಕು, ಲೈಟು, ಬಣ್ಣ ಎಲ್ಲ ಸರಿಮಾಡಿಸಿ, ಹರಕಲು ಟಾಪಿನಲ್ಲೇ ಗಾಡಿ ತಂದು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವ ಧೈರ್ಯ ಯಾರಿಗಿದೆ? ತುಮಕೂರಿನ ಮರಳೂರು, ಕುಣಿಗಲ್ ರಸ್ತೆಯ ಕಡೆ ಹೋದರೆ ಪಂಕ್ಚರ್ ಅಂಗಡಿ, ಟಿಂಕರಿಂಗ್ ಶೆಡ್ಡುಗಳ ಮಧ್ಯೆ ಒಂದು ದಪ್ಪನೆಯ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು ಕಂಡರೆ ಅದೇ ಕುಶನ್ ಅಂಗಡಿ ಎಂದು ತಿಳಿಯಬಹುದು. ಬೈಕಿನ ಸೀಟು, ಟ್ರ್ಯಾಕ್ಟರಿನ ಹುಡ್ಡು, ಜೀಪಿನ ಟಾರ್ಪಾಲು, ಆಟೊದ ಟಾಪು, ಎಲ್ಲಕ್ಕೂ ಅದೇ ಯಂತ್ರ, ಅದೇ ಕೈ.

ವಿದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟಾಪು ಹಾಕಿಸುವುದೆಂದರೆ ಅದೊಂದು ದೊಡ್ಡ ಸಂಭ್ರಮ. ಅದನ್ನೇ ಕಸುಬಾಗಿ ಮಾಡಿಕೊಂಡವರಿಗೆ ಅಲ್ಲಿ ಕಲಾವಿದರ ಮರ್ಯಾದೆ. ನಮ್ಮಲ್ಲಿ ಆಟೊ ಟಾಪು ಹೊಲಿಯುವವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಎರಡೂ ಕೆಲಸವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೂಲಿಯಲ್ಲಿ ಅಜಗಜಾಂತರ, ವಿದ್ಯೆಯಲ್ಲಿ ಕೂದಲೆಳೆಯಷ್ಟು ಅಂತರ.

ಬಾಗಿದ ಕಮಾನುಗಳ ಮೇಲೆ ಬಟ್ಟೆ ಎಳೆದು ಕಟ್ಟುವುದು ನಮ್ಮವರಿಗೆ ಹೊಸದಲ್ಲ. ಕಮಾನು ಗಾಡಿಗೆ ಬಿದಿರಿನ ದಬ್ಬೆ ಬಾಗಿಸಿ ಚಾಪೆ ಹೊದಿಸುತ್ತಿದ್ದರು. ಜಟಕಾಕ್ಕೂ ತಲೆಯ ಮೇಲೊಂದು ಮರೆ ಇತ್ತು. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿದ ಮೇಲೆ ಖಾಕಿ ಕ್ಯಾನ್ವಾಸಿನ ಹುಡ್ಡು ಹಳ್ಳಿಹಳ್ಳಿಗೂ ಪರಿಚಯವಾಯಿತು. ಆಟೊದ ಮೂಲ ಇಟಲಿಯಲ್ಲಿದೆ. ಪಿಯಾಜಿಯೊ ಕಂಪನಿ 1948ರಲ್ಲಿ ಹೊರತಂದ ‘ಆಪೆ’ ಎಂಬ ಮೂರು ಗಾಲಿಯ ಗಾಡಿಯೇ ಬಜಾಜ್ ಆಟೊದ ಪೂರ್ವಜ. ಕಬ್ಬಿಣದ ಕಂಬಿ, ಮೇಲೊಂದು ರೆಕ್ಸಿನ್ ಹೊದಿಕೆ. ಸೂಕ್ಷ್ಮವಾಗಿ ನೋಡಿದರೆ ನಮ್ಮೂರಿನ ಬೀದಿಗಳಲ್ಲಿ ಅತಿ ಹೆಚ್ಚು ಓಡಾಡುವ ಬಟ್ಟೆ ಟಾಪಿನ ವಾಹನ ಆಟೊವೇ.

ಕೆಲಸ ಶುರುವಾಗುವುದು ಹಳೆಯ ಟಾಪನ್ನು ಬಿಚ್ಚುವುದರಿಂದ. ಅದನ್ನು ಎಸೆಯುವುದಿಲ್ಲ. ಹೊಲಿಗೆ ಬಿಚ್ಚಿ, ತುಂಡುಗಳನ್ನು ಬೇರೆ ಮಾಡಿ, ಹೊಸ ರೆಕ್ಸಿನ್ನಿನ ಹಿಂಬದಿಗೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಆದರೂ ಹಳೆಯದನ್ನು ಪೂರ್ತಿ ನಂಬುವಂತಿಲ್ಲ. ವರ್ಷಗಟ್ಟಲೆ ಬಿಸಿಲು ತಿಂದ ರೆಕ್ಸಿನ್ ಒಂದು ಕಡೆ ಹಿಗ್ಗಿರುತ್ತದೆ, ಇನ್ನೊಂದು ಕಡೆ ಕುಗ್ಗಿರುತ್ತದೆ. ಗಾಡಿಯ ಕಂಬಿಯೂ ಅಷ್ಟೆ. ಒಮ್ಮೆ ಮಗುಚಿದ ಆಟೊ, ಲಾರಿಗೆ ತಾಗಿದ ಆಟೊ, ಎರಡರ ಕಂಬಿಯೂ ಮೊದಲಿನ ವಂಕಿಯಲ್ಲಿ ಇರುವುದಿಲ್ಲ. ಹಾಗಾಗಿ ಸುತ್ತಲೂ ಒಂದಷ್ಟು ಹೆಚ್ಚುವರಿ ಬಿಟ್ಟು ಕತ್ತರಿಸಿ, ಕೊನೆಯ ಅಳತೆಯನ್ನು ಗಾಡಿಯ ಮೇಲೆಯೇ ತೆಗೆಯಬೇಕು. ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ಡ್ರಾಯಿಂಗ್ ಹೇಳಿದ್ದೇ ವೇದ. ಕುಶನ್ ಅಂಗಡಿಯಲ್ಲಿ ಡ್ರಾಯಿಂಗ್ ಇಟ್ಟುಕೊಂಡು ಕೂತರೆ ಟಾಪು ಕೂರುವುದಿಲ್ಲ.

ರೆಕ್ಸಿನ್ನಿಗೆ ಅಡ್ಡ ಎಳೆತ ಬೇರೆ, ಉದ್ದ ಎಳೆತ ಬೇರೆ. ಹಿಂಬದಿಯ ನೇಯ್ಗೆ ಯಾವ ಕಡೆ ಹೆಚ್ಚು ಜಗ್ಗುತ್ತದೆಂದು ಕೈಯಲ್ಲಿ ಹಿಡಿದು ಎಳೆದು ನೋಡದೆ ಕತ್ತರಿ ಹಾಕಿದರೆ, ಆರು ತಿಂಗಳಲ್ಲಿ ಟಾಪಿನ ನಡುವೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ. ಹೊಲಿಗೆಯದೂ ಒಂದು ಲೆಕ್ಕ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂದು ಹೊಸಬರು ತಿಳಿಯುತ್ತಾರೆ. ಸೂಜಿಯ ತೂತುಗಳು ಹತ್ತಿರವಾದಷ್ಟೂ ರೆಕ್ಸಿನ್ ಅಂಚೆಚೀಟಿಯ ಅಂಚಿನಂತೆ ಹರಿಯಲು ತಯಾರಾಗುತ್ತದೆ. ದಾರ ಪಾಲಿಯೆಸ್ಟರಿನದಾದರೆ ಬಿಸಿಲನ್ನು ಹೆಚ್ಚು ತಾಳುತ್ತದೆ. ಕ್ಯಾನ್ವಾಸಿಗೆ ಹತ್ತಿ ದಾರ ಹಾಕುತ್ತಿದ್ದವರದೂ ಜಾಣತನವೇ: ಮಳೆಗೆ ನೆಂದ ದಾರ ಉಬ್ಬಿ ಸೂಜಿತೂತನ್ನು ತಾನೇ ಮುಚ್ಚುತ್ತದೆ. ಎರಡು ತುಂಡು ಸೇರುವಲ್ಲಿ ಮೇಲಿನದು ಕೆಳಗಿನದರ ಮೇಲೆ ಬರಬೇಕು. ಯಂತ್ರಕ್ಕೆ ಸಿಗದ ಮೂಲೆಗಳಿಗೆ ಇವತ್ತಿಗೂ ದಬ್ಬಣವೇ ಗತಿ.

ಅಂತೂ ಹೊಲಿಗೆ ಮುಗಿದು ಗಾಡಿಗೆ ಹೊದಿಸುವಾಗ ನಿಂತು ನೋಡಬೇಕು. ಮೇಸ್ತ್ರಿ ಹಿಂದಿನ ಅಂಚನ್ನು ಮೊದಲು ಸಿಕ್ಕಿಸಿ, ಟಾಪನ್ನು ಮುಂದಕ್ಕೆ ಎಳೆದು, ಮುಂದಿನ ಕಂಬಿಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾನೆ. ಬಾಯಲ್ಲಿ ಎರಡು ಸ್ಕ್ರೂ. ಅಂಗೈಯಿಂದ ನಡುವಿನಿಂದ ಬದಿಗೆ ಸವರಿ ಸುಕ್ಕನ್ನು ಓಡಿಸುತ್ತಾನೆ. ಆಮೇಲೆ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಸದ್ದು ಮಂದವಾಗಿದ್ದರೆ ಬಿಚ್ಚಿ ಮತ್ತೆ ಎಳೆತ.

ಈಗ ಹಳೆಯ ಸ್ಪೋರ್ಟ್ಸ್ ಕಾರಿಗೆ ಬರೋಣ. ನಮ್ಮ ರಸ್ತೆಗಳಲ್ಲಿ ಕಾಣುವ ಎಂಜಿ ಹೆಕ್ಟರಿನ ಹೆಸರಿನ ಹಿಂದೆ ಇಂಗ್ಲೆಂಡಿನ ಮಾರಿಸ್ ಗ್ಯಾರೇಜಸ್ ಇದೆ. ಅವರ ‘ಎಂಜಿಬಿ’ 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು. ಮುಚ್ಚಿದ ಟಾಪಿನ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು. ಅದರ ಟಾಪು ಬದಲಿಸುವ ಕ್ರಮವೂ ಹೆಚ್ಚೂಕಡಿಮೆ ಇದೇ. ಹಿಂದಿನ ಪಟ್ಟಿಯನ್ನು ಮೊದಲು ಬಾಡಿಗೆ ಸಿಕ್ಕಿಸಿ, ಕಿಟಕಿ ಗಾಜುಗಳನ್ನು ಏರಿಸಿ, ಟಾಪನ್ನು ಮುಂದಿನ ಗಾಜಿನ ನೆತ್ತಿಗೆ ಎಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಆಮೇಲೆ ಎರಡೂ ಮುಖಕ್ಕೆ ಸೊಲ್ಯೂಷನ್ ಸವರಿ, ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಹಿಡಿದರೆ ಬಿಡಿಸುವಂತಿಲ್ಲ. ಇಲ್ಲೊಂದು ಉಪಾಯವಿದೆ: ಚಿಲಕವನ್ನು ಅರ್ಧ ಮಾತ್ರ ಹಾಕಿದ ಸ್ಥಿತಿಯಲ್ಲಿ ಟಾಪನ್ನು ಅಂಟಿಸಿ, ಆಮೇಲೆ ಪೂರ್ತಿ ಹಾಕಿದರೆ ಉಳಿದ ಬಿಗಿ ತಾನಾಗಿ ಬರುತ್ತದೆ. ಬದಿಯ ಟಿಚ್ ಬಟನ್‌ಗಳದು ಕೊನೆಯ ಸರದಿ, ಒಂದೊಂದನ್ನೂ ಎಳೆದು ನೋಡಿಯೇ ತೂತು ಕೊರೆಯಬೇಕು. ಮೊದಲೇ ತೂತು ಮಾಡಿಕೊಂಡವನು ಟಾಪನ್ನು ಕಳೆದುಕೊಂಡಂತೆಯೇ.

ಇಂಥ ಕಾರುಗಳ ಜೊತೆ ಕರ್ನಾಟಕಕ್ಕೂ ಒಂದು ನಂಟಿದೆ. 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಆ್ಯಂಡ್ ಲೊಕೊಮೊಟಿವ್ ಕಂಪನಿಯ ಬಳಗದವರು ‘ಸ್ಯಾನ್ ಸ್ಟಾರ್ಮ್’ ಎಂಬ ಪುಟ್ಟ ಕಾರನ್ನು ಗೋವಾದಲ್ಲಿ ತಯಾರಿಸಿದರು. ಇಬ್ಬರಿಗೆ ಸೀಟು, ಫೈಬರಿನ ಮೈ, ರೆನೊ ಇಂಜಿನ್ನು, ಮಡಚುವ ಟಾಪು. ಹೆಚ್ಚು ಮಾರಾಟವಾಗಲಿಲ್ಲ, ನನಗಂತೂ ಅದೊಂದು ಪ್ರೀತಿಯ ಸೋಲು. ಇನ್ನು ಹಳೆಯ ಕಾರುಗಳ ಅಂದಚಂದ ನೋಡುವ ಆಸೆಯಿದ್ದವರು ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹವಿರುವ ‘ಪಯಣ’ಕ್ಕೆ ಹೋಗಬಹುದು. ಎಲ್ಲರೂ ಬಾನೆಟ್ಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಟ್ಟೆ ಟಾಪಿನ ಕಾರು ಕಂಡರೆ ನೀವು ಅದರ ಅಂಚಿನ ಹೊಲಿಗೆಯನ್ನೂ ಒಮ್ಮೆ ನೋಡಿ.

ಕಾರಿನ ಮಾತು ಹಾಗಿರಲಿ, ಈಗ ಆಟೊಗಳಲ್ಲೇ ಗಟ್ಟಿ ಟಾಪು ಬರತೊಡಗಿದೆ. ಮಹೀಂದ್ರದ ಎಲೆಕ್ಟ್ರಿಕ್ ಆಟೊ ‘ಟ್ರಿಯೊ’ ಮೆತ್ತನೆಯ ಟಾಪಿನಲ್ಲೂ ಗಟ್ಟಿ ಟಾಪಿನಲ್ಲೂ ಸಿಗುವಂತೆ ಬಂತು. ಗಟ್ಟಿ ಟಾಪಿಗೆ ಸೂಜಿದಾರದ ಹಂಗಿಲ್ಲ. ಕುಶನ್ ಅಂಗಡಿಯವರ ಪಾಲಿಗೆ ಆಗ ಉಳಿಯುವುದು ಸೀಟು ಮಾತ್ರ. ಅತ್ತ ಜೀಪಿನ ಖಯಾಲಿಯವರು ಥಾರ್ ಗಾಡಿಯ ಮೆತ್ತನೆಯ ಟಾಪಿಗೆ ಮನಸೋತಿರುವುದರಿಂದ ಹೊಸ ಗಿರಾಕಿಗಳು ಸಿಗಬಹುದೇನೋ.

ಟಾಪು ಹಾಕಿಸುವವರಿಗೆ ಕೆಲವು ಮಾತು. ಬಿಸಿಲಿನ ದಿನವೇ ಹೋಗಿ. ಬೆಚ್ಚಗಿನ ರೆಕ್ಸಿನ್ ಎಳೆದಂತೆ ಬರುತ್ತದೆ, ಚಳಿಯಲ್ಲಿ ಬಿಗಿದದ್ದು ಬೇಸಿಗೆಗೆ ಸಡಿಲವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹಾಕಿ ಒರೆಸಬೇಡಿ. ರೆಕ್ಸಿನ್ನನ್ನು ಮೆತ್ತಗಿಡುವ ಎಣ್ಣೆಯಂಶ ಅದರಲ್ಲಿ ಕರಗಿ ಹೋಗಿ, ಮೈ ಒಡೆಯುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ತಣ್ಣೀರು, ಮೆತ್ತನೆಯ ಬಟ್ಟೆ ಸಾಕು. ಒದ್ದೆ ಟಾಪನ್ನು ಮಡಚಿದರೆ ಬೂಷ್ಟು ಗ್ಯಾರಂಟಿ. ಮಡಚುವ ಟಾಪಾಗಿದ್ದರೆ ಹೊಸತರಲ್ಲಿ ಒಂದೆರಡು ವಾರ ಹಾಗೇ ಹೊದಿಸಿಯೇ ಇಡಿ. ಮಡಚಿಟ್ಟ ರೆಕ್ಸಿನ್ ಕುಗ್ಗಿಬಿಟ್ಟರೆ ಮುಂದಿನ ಚಿಲಕದವರೆಗೆ ತಲುಪಿಸಲು ಮತ್ತದೇ ಅಂಗಡಿಗೆ ಹೋಗಬೇಕಾಗುತ್ತದೆ.