ಮ್ಯಾನ್ಯುಯಲ್‌ನಲ್ಲಿ ಇಲ್ಲದ ವಿದ್ಯೆ

ಕಾಪಿಯರ್ ಕೆಟ್ಟು ನಿಂತಿದೆ. ಮ್ಯಾನ್ಯುಯಲ್ ತಿರುವಿ ಹಾಕಿದರೆ ಆ ತೊಂದರೆಯ ಸುದ್ದಿಯೇ ಇಲ್ಲ. ರಿಪೇರಿಗೆ ಬಂದವರು ಏನು ಮಾಡ್ತಾರೆ?

1980ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯಲ್ಲಿ ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ತಂತ್ರಜ್ಞರ ಜೊತೆಗೇ ಓಡಾಡಿ ಇದನ್ನು ಗಮನಿಸಿದರು. ತಿಂಡಿಗೆ ಕೂತರೂ ಅವರ ಮಾತೆಲ್ಲ ಯಂತ್ರದ್ದೇ. ಯಾವ ಎರರ್ ಕೋಡ್ ದಾರಿ ತಪ್ಪಿಸಿತು, ಯಾವ ಭಾಗ ಬದಲಿಸಿದರೂ ಸರಿಹೋಗಲಿಲ್ಲ, ಕೊನೆಗೆ ಹುಳುಕು ಎಲ್ಲಿ ಸಿಕ್ಕಿತು. ನೋಡುವವರಿಗೆ ಹರಟೆ, ನಿಜವಾದ ಟ್ರೇನಿಂಗ್ ಮಾತ್ರ ಅಲ್ಲೇ ನಡೀತಿತ್ತು!

ಈ ಅನುಭವವನ್ನು ಎಲ್ಲರಿಗೂ ಸಿಗುವಂತೆ ಮಾಡಲು 1990ರ ದಶಕದಲ್ಲಿ ಕಂಪನಿ 'ಯುರೇಕಾ' ಎಂಬ ವ್ಯವಸ್ಥೆ ತಂತು. ಮೊದಲು ಫ್ರಾನ್ಸ್‌ನಲ್ಲಿ. ತಂತ್ರಜ್ಞರು ತಾವು ಕಂಡುಕೊಂಡ ಉಪಾಯ ಬರೀತಿದ್ದರು, ಅನುಭವಿ ಸಹೋದ್ಯೋಗಿಗಳು ಪರೀಕ್ಷಿಸ್ತಿದ್ದರು, ಬರೆದವರ ಹೆಸರಿನ ಸಮೇತ ಅದು ಎಲ್ಲರಿಗೂ ತಲುಪುತ್ತಿತ್ತು. ನನಗಂತೂ ಈ ಹೆಸರೇ ಮುಖ್ಯ ಅನಿಸುತ್ತೆ. ಕಷ್ಟಪಟ್ಟು ಕಲಿತದ್ದನ್ನು ಹಂಚಿಕೊಂಡವರಿಗೆ ಅದರ ಶ್ರೇಯಸ್ಸು ಸಿಗಲೇಬೇಕು. ತಂತ್ರಜ್ಞರೂ ಬಯಸಿದ್ದು ಹಣಕ್ಕಿಂತ ಹೆಚ್ಚಾಗಿ ಈ ಮನ್ನಣೆಯನ್ನೇ.

ಒಮ್ಮೆ ಬ್ರೆಜಿಲ್‌ನಲ್ಲಿ ಸುಮಾರು 40,000 ಡಾಲರ್ ಬೆಲೆಯ ಕಲರ್ ಯಂತ್ರವೊಂದನ್ನು ಪೂರ್ತಿ ಬದಲಿಸಲು ಹೊರಟಿದ್ದರು. ಅಷ್ಟರಲ್ಲಿ ಕೆನಡಾದ ಮಾಂಟ್ರಿಯಲ್‌ನ ತಂತ್ರಜ್ಞರೊಬ್ಬರು ಯುರೇಕಾದಲ್ಲಿ ಬರೆದಿಟ್ಟಿದ್ದ ಸಲಹೆ ಕಣ್ಣಿಗೆ ಬಿತ್ತು. ಒಂದು ಡಾಲರೂ ಬಾಳದ ಬಿಡಿಭಾಗ ಬದಲಿಸಿದ್ದೇ ತಡ, ಯಂತ್ರ ಸರಿಯಾಯ್ತು.