ಒಬ್ಬರೇ ಪ್ರಾರ್ಥಿಸಿದರೆ ಸಾಲದೇ?

ಪ್ರಶ್ನೆ: ನಂಬಿಕೆ ಮನಸ್ಸಿನದು. ಕೆಥೋಲಿಕರಿಗೆ ಚರ್ಚು, ಸಂಸ್ಕಾರಗಳು ಏಕೆ ಅಷ್ಟು ಮುಖ್ಯ?

ಉತ್ತರ: ಮನೆಯ ಪ್ರಾರ್ಥನೆಯನ್ನು ಅವರು ಕಡೆಗಣಿಸುವುದಿಲ್ಲ, ಸಂಜೆಯ ಜಪಮಾಲೆ ತಪ್ಪಿಸಿದರೆ ಮಂಗಳೂರಿನ ಅಜ್ಜಿಯಂದಿರು ಬಿಡುವವರಲ್ಲ! ಆದರೆ ತನಗೆ ತಾನೇ ಜ್ಞಾನಸ್ನಾನ ಕೊಟ್ಟುಕೊಳ್ಳಲು ಯಾರಿಗೂ ಆಗದು. ಪ್ರಾಣಾಪಾಯದಲ್ಲಿ ಕ್ರೈಸ್ತರಲ್ಲದ ದಾದಿ ಕೂಡ, ಚರ್ಚಿನ ಉದ್ದೇಶವನ್ನೇ ಇಟ್ಟುಕೊಂಡು, ನೀರು ಸುರಿದು ವಿಧಿವಾಕ್ಯ ಹೇಳಿ ಅದನ್ನು ಕೊಡಬಹುದು. ಪಾಪನಿವೇದನೆಗೂ ಇನ್ನೊಬ್ಬರು ಬೇಕು: 2014ರಲ್ಲಿ ಪೋಪ್ ಫ್ರಾನ್ಸಿಸರೇ ಸಂತ ಪೇತ್ರರ ಬಸಿಲಿಕಾದಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಒಬ್ಬ ಗುರುವಿನ ಮುಂದೆ ಮೊಣಕಾಲೂರಿದ್ದರು. ಲತೀನ್ ಪದ್ಧತಿಯ ಮದುವೆಯಲ್ಲಂತೂ ಒಬ್ಬರಿಗೊಬ್ಬರು ಸಂಸ್ಕಾರವನ್ನು ನೀಡುವವರು ವಧೂವರರೇ. ಪಾದ್ರಿ ಸಾಕ್ಷಿ ಮಾತ್ರ. ಕೃಪೆ ಇನ್ನೊಬ್ಬರ ಕೈಯಿಂದ ಬರಬೇಕೆಂಬ ಈ ಪಟ್ಟೇ ನನಗೆ ಸಂಸ್ಕಾರಗಳ ಜೀವಾಳವೆನಿಸುತ್ತದೆ. ಕಣ್ಣಾರೆ ಕಾಣಬೇಕಿದ್ದರೆ ಸೆಪ್ಟೆಂಬರ್ 8ರಂದು ಹೊಸ ತೆನೆಯ ಮೊಂತಿ ಹಬ್ಬಕ್ಕೆ ಕರಾವಳಿಗೆ ಹೋಗಿ. ಅದು ಸಂಸ್ಕಾರವಲ್ಲ, ನಿಜ. ಆದರೂ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯ ಕಾಳು ಮನೆಯ ಅಡುಗೆಗೆ ಸೇರಿ, ಇಡೀ ಕುಟುಂಬ ಒಟ್ಟಿಗೆ ಕೂತು ಉಣ್ಣುತ್ತದೆ.